ನಡುವೆ ಒಂದು ಕಂಬಳಿ

ಮರೋಳದ ಬಂಡೆಪ್ಪ ತನ್ನ ಸೊಸೆಯ ಜೊತೆ ಎಂದೂ ನೇರವಾಗಿ ಮಾತಾಡಿದವನಲ್ಲ. ಜಗಳವೇನೂ ಇರಲಿಲ್ಲ, ಆ ಮನೆಯ ರೀತಿಯೇ ಹಾಗೆ. ಮಾವ ಎದುರಿಗೆ ಬಂದರೆ ಸೊಸೆ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಬೇಕು. ಮಾವ ಉಣ್ಣುವಾಗ, ನೀರು ಕುಡಿಯುವಾಗ ಆ ಕಡೆ ನೋಡಬಾರದು. ಹೇಳುವ ಮಾತಿದ್ದರೆ ಮಾವ ಹೆಂಡತಿಗೆ ಹೇಳಬೇಕು, ಸೊಸೆ ಅತ್ತೆಗೆ ಹೇಳಬೇಕು. ಹೆಂಡತಿ ಬೋರವ್ವ ನಡುವೆ ಕೂತು ಇಬ್ಬರ ಮಾತನ್ನೂ ಅತ್ತಿಂದಿತ್ತ ದಾಟಿಸುತ್ತಿದ್ದಳು. ದಾಟಿಸುವಾಗ ಖಾರವಿದ್ದದ್ದನ್ನು ತೆಗೆದು ಬೆಲ್ಲ ಹಚ್ಚುತ್ತಿದ್ದಳು. ಆ ಮನೆ ಇಷ್ಟು ವರ್ಷ ತಣ್ಣಗಿದ್ದದ್ದು ಬೋರವ್ವನ ಈ ಕಸುಬಿನಿಂದಲೇ ಹೊರತು ಮಾವ ಸೊಸೆಯರ ಪುಣ್ಯದಿಂದಲ್ಲ.

ಸೊಸೆ ಜಯಶ್ರೀ ಸುತ್ತಿನ ಹಳ್ಳಿಗಳಿಗೆ ಟಪಾಲು ಹಂಚುವವಳು. ಗಂಡ ಹಣಮೇಶ ಸರಕಾರಿ ಬಸ್ಸಿನ ಡ್ರೈವರ. ಅವನ ಹಳೆಯ ಮೋಟರ್‌ಸೈಕಲ್ಲು ಮನೆಯಲ್ಲಿ ಸುಮ್ಮನೆ ತುಕ್ಕು ಹಿಡಿಯುವುದೇಕೆಂದು ತಾನೇ ಕಲಿತು, ಲೈಸನ್ಸು ಮಾಡಿಸಿಕೊಂಡು, ಚೀಲ ಹೆಗಲಿಗೇರಿಸಿಕೊಂಡು ಹೊಲದ ದಾರಿಯಲ್ಲೂ ಓಡಿಸತೊಡಗಿದ್ದಳು. ಬಂಡೆಪ್ಪನಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಹೆಣ್ಣುಮಗಳು ಗಾಡಿ ಹೊಡೆದರೆ ಕಟ್ಟೆಯ ಮೇಲೆ ಕೂತವರು ಏನಂದಾರು ಎಂದು ಹೆಂಡತಿಯ ಮುಂದೆ ಕೂಗಾಡಿದ. ಒಮ್ಮೆ ಬಿದ್ದಳೆಂದರೆ ಅವತ್ತಿಗೇ ಗಾಡಿಯೂ ಬಂದ್, ಕೆಲಸವೂ ಬಂದ್, ಹಾಗಂತ ಹೇಳು ಅಂದ. ಬೋರವ್ವ ಒಳಗೆ ಹೋಗಿ, ಜ್ವಾಕಿಯಿಂದ ಹೋಗಬೇಕಂತ ಮಾವಾರು ಹೇಳ್ಯಾರ ಅಂದಳು. ಆದರೆ ತಗಡಿನ ಮನೆ, ಹೊರಗೆ ಕೆಮ್ಮಿದರೆ ಒಳಗೆ ಕೇಳಿಸುತ್ತದೆ. ಜಯಶ್ರೀಗೆ ಎರಡೂ ಮಾತು ಕೇಳಿಸಿದ್ದವು.

ಹೋದ ಬೇಸಿಗೆಯಲ್ಲಿ ಒಮ್ಮೆ ಅವಳು ಮೊಣಕೈ ತರಚಿಕೊಂಡು ಮನೆಗೆ ಬಂದಿದ್ದಳು. ಯಾರದೋ ಮನೆಯ ಬಚ್ಚಲಲ್ಲಿ ಜಾರಿದೆ ಅಂದಳು. ಬಂಡೆಪ್ಪ ಅದನ್ನು ನಂಬಿ, ಅರಿಷಿಣ ಹಚ್ಚಲು ಹೇಳು ಎಂದು ಹೆಂಡತಿಗೆ ಹೇಳಿ ಕುರಿಗಳ ಕಡೆ ಹೋಗಿದ್ದ.

ಮಗಳು ಲಲಿತಾಳನ್ನು ಪಟ್ಟದಕಲ್ಲಿಗೆ ಕೊಟ್ಟಿದ್ದರು. ಅವಳ ಚೊಚ್ಚಲ ಗಂಡುಮಗನಿಗೆ ಅವತ್ತು ಜವಳ. ಸೋದರಮಾವ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮೊದಲ ಕೂದಲು ಕತ್ತರಿಸಬೇಕು, ಹೀಗಾಗಿ ಹಣಮೇಶ ರಜೆ ಹಾಕಿ ತಾಯಿಯನ್ನು ಕರೆದುಕೊಂಡು ಹಿಂದಿನ ದಿನವೇ ಬಸ್ಸು ಹತ್ತಿದ್ದ. ಬಂಡೆಪ್ಪನ ಒಂದು ಕುರಿ ಈಯುವುದರಲ್ಲಿತ್ತು, ಅವನು ಉಳಿದ. ಜಯಶ್ರೀಗೆ ರಜೆ ಸಿಕ್ಕದ್ದು ಒಂದೇ ದಿನ, ಅವಳೂ ಉಳಿದಳು. ನಸುಕಿನಲ್ಲೇ ಗಾಡಿಯ ಮೇಲೆ ಹೊರಟರೆ ಬಿಸಿಲು ಏರುವುದರೊಳಗೆ ಮುಟ್ಟಬಹುದು ಎಂದು ಹಣಮೇಶ ಲೆಕ್ಕ ಹಾಕಿ ಕೊಟ್ಟಿದ್ದ. ಮಾವನನ್ನು ಸೊಸೆಯ ಬೆನ್ನಿಗೆ ಕೂಡಿಸುವ ಈ ಏರ್ಪಾಟಿಗೆ ಬಂಡೆಪ್ಪ ಒಪ್ಪಿದ್ದು ಮೊಮ್ಮಗನ ಆಸೆಗೆ. ಮೊಮ್ಮಗನ ಆಸೆಗೆ ಮುದುಕರು ಏನೆಲ್ಲ ಒಪ್ಪುತ್ತಾರೆ, ಕೇಳಬೇಡಿ.

ಲೆಕ್ಕ ತಪ್ಪಿಸಿದವನೂ ಬಂಡೆಪ್ಪನೇ. ಕುರಿ ರಾತ್ರಿಯೇ ಸುಸೂತ್ರ ಈದಿತ್ತು. ಆದರೆ ಊರ ಬೀರಪ್ಪನ ಗುಡಿಯ ಭಂಡಾರ ಕೂಸಿನ ಹಣೆಗೆ ಬೀಳದೆ ಅದರ ಕೂದಲಿಗೆ ಕತ್ತರಿ ತಾಗಬಾರದು. ಹಾಲುಮತದ ಮನೆಯಲ್ಲಿ ಅಷ್ಟೂ ಇಲ್ಲದಿದ್ದರೆ ಹೇಗೆ? ಭಂಡಾರವನ್ನು ಹಿಂದಿನ ದಿನವೇ ಇಸಿದುಕೊಂಡು ಬಂದಿದ್ದರೆ ಮುಗಿಯುತ್ತಿತ್ತು. ಅವತ್ತಿನದೇ ಪೂಜೆಯ ಅರಿಷಿಣ ಆಗಬೇಕೆಂದು ಹಟ ಹಿಡಿದ. ಪೂಜಾರಿ ಎಲ್ಲಿಗೋ ಹೋಗಿದ್ದವನು ನಸುಕಿನಲ್ಲಿ ಬರಲಿಲ್ಲ, ಬೆಳಗಾದಾಗಲೂ ಬರಲಿಲ್ಲ. ಅವನು ಬಂದು, ಮೈ ತೊಳೆದು, ಪೂಜೆ ಮುಗಿಸಿ ಚಿಟಿಕೆ ಭಂಡಾರ ಕೊಡುವಷ್ಟರಲ್ಲಿ ಹುನಗುಂದಕ್ಕೆ ಹೋಗುವ ಬಸ್ಸೂ ಹೋಗಿತ್ತು, ತಂಪು ಹೊತ್ತೂ ಹೋಗಿತ್ತು.

ಹಿಂದಿನ ರಾತ್ರಿ ಗುಡುಗಿ ನಾಲ್ಕು ಹನಿ ಉದುರಿದ್ದವು. ನೆಲ ತಣಿಯುವಷ್ಟಲ್ಲ, ಸೆಕೆ ಎಬ್ಬಿಸುವಷ್ಟು. ಗಾಳಿ ಮೈಗೆ ಅಂಟಿಕೊಳ್ಳುತ್ತಿತ್ತು. ನಮ್ಮ ಕಡೆಯ ಒಣ ಬಿಸಿಲನ್ನಾದರೂ ಹೇಗೋ ತಡೆದುಕೊಳ್ಳಬಹುದು. ಈ ತೇವದ ಬಿಸಿಲು ಹಾಗಲ್ಲ, ಬೆವರು ಸುರಿಯುತ್ತದೆ, ಆರುವುದಿಲ್ಲ.

ಅಂಗಳದಲ್ಲಿ ಮಾತು ದಾಟಿಸಲು ಬೋರವ್ವನಿಲ್ಲ. ಜಯಶ್ರೀ ಸುತ್ತ ನೋಡಿ, ಗೂಟಕ್ಕೆ ಕಟ್ಟಿದ್ದ ಆಡಿನ ಕಡೆ ತಿರುಗಿ, ಬಿಸಿಲು ಏರಿತು, ಇಳಿಹೊತ್ತಿಗೆ ಹೊರಟರೆ ಚಲೋ ಅಂದಳು. ಬಂಡೆಪ್ಪನೂ ಅದೇ ಆಡಿಗೆ, ಹೊತ್ತು ಮುಳುಗುವುದರೊಳಗೆ ಜವಳ ಆಗಬೇಕು, ಈಗಲೇ ಹೊರಡಬೇಕು ಎಂದು ತಿಳಿಸಿದ. ಆಡು ಇಬ್ಬರನ್ನೂ ನೋಡಿ ಮೇವಿಗೆ ಬಾಯಿ ಹಾಕಿತು. ಹಾಗಾದರೆ ಹೆಲ್ಮೆಟ್ ಹಾಕಿಕೊಳ್ಳದವರನ್ನು ತಾನು ಕೂಡಿಸಿಕೊಳ್ಳುವುದಿಲ್ಲ ಎಂದು ಸೊಸೆ ಆಡಿಗೆ ಕಡ್ಡಿ ಮುರಿದ ಹಾಗೆ ಹೇಳಿದಳು. ಬಂಡೆಪ್ಪ ಹುಬ್ಬು ಗಂಟಿಕ್ಕಿದ. ಹೆಲ್ಮೆಟ್ ಹಾಕಬೇಕೆಂದರೆ ತಲೆಗೆ ಸುತ್ತಿದ ಪಟಕ ತೆಗೆಯಬೇಕು. ಸೊಸೆಯ ಎದುರಿಗೆ ಬೋಳುದಲೆಯಲ್ಲಿ ನಿಂತ ಮಾವನನ್ನು ಆ ಊರು ಕಂಡಿಲ್ಲ. ಕೊನೆಗೆ ಮನೆಯ ಹಿಂದೆ ಹೋಗಿ, ಪಟಕ ಬಿಚ್ಚಿ ಮಡಿಚಿ ಚೀಲದಲ್ಲಿಟ್ಟು, ಹೆಲ್ಮೆಟ್ ಹಾಕಿಕೊಂಡೇ ಈಚೆ ಬಂದ. ತಲೆಯ ಮೇಲೆ ಕೊಡ ಬೋರಲು ಹಾಕಿದ ಹಾಗಿತ್ತು.

ಜಯಶ್ರೀ ಗಂಡನ ತುಂಬುತೋಳಿನ ಹತ್ತಿಯ ಅಂಗಿಯನ್ನು ಮೇಲೆ ಹಾಕಿಕೊಂಡು, ಒಂದು ಟವೆಲ್ಲನ್ನು ನೀರಲ್ಲಿ ಅದ್ದಿ ಹಿಂಡಿ ಕುತ್ತಿಗೆಗೆ ಸುತ್ತಿಕೊಂಡಳು. ಇನ್ನೊಂದನ್ನು ಹಾಗೆಯೇ ಅದ್ದಿ ಮಾವನ ಕೈಗೆ ಸಿಗುವ ಹಾಗೆ ಕಟ್ಟೆಯ ಮೇಲಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ, ಅವಳೇ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಅವನ ಹತ್ತಿರ ಕರಿ ಕಂಬಳಿಯಿತ್ತು, ಕಂಬಳಿ ಬಿಸಿಲಿಗೂ ಸೈ, ಮಳೆಗೂ ಸೈ ಎಂದು ಅಪ್ಪನ ಕಾಲದಿಂದ ಕೇಳಿಕೊಂಡು ಬಂದವನು. ಆ ಕಂಬಳಿಯನ್ನು ಸುರುಳಿ ಸುತ್ತಿ, ಗಾಡಿಯ ಮೇಲೆ ತನಗೂ ಸೊಸೆಯ ಬೆನ್ನಿಗೂ ನಡುವೆ ಇಟ್ಟುಕೊಂಡು ಕೂತ. ಅವಳ ಹೆಗಲು ಹಿಡಿಯುವ ಪ್ರಶ್ನೆಯೇ ಇರಲಿಲ್ಲ. ಹಿಂದಿನ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದ. ಭಂಡಾರದ ಪೊಟ್ಟಣ ಸೊಂಟದ ಸಂಚಿಯಲ್ಲಿತ್ತು.

ಇನ್ನು ಒಂದು ಗುಟ್ಟು ಹೇಳಬೇಕು. ಇದನ್ನು ಹೇಳದೆ ಮುಂದಿನ ಕಥೆ ತಿಳಿಯುವುದಿಲ್ಲ. ಬಂಡೆಪ್ಪ ಆ ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ಉಪವಾಸವಲ್ಲ, ಹರಕೆಯಲ್ಲ. ಈಚೆಗೆ ಅವನಿಗೆ ಒಂದು ತಂಬಿಗೆ ನೀರು ಕುಡಿದರೆ ಒಂದು ಹರದಾರಿ ತಡೆದುಕೊಳ್ಳಲು ಆಗುತ್ತಿರಲಿಲ್ಲ, ಒಂದಕ್ಕೆ ಹೋಗಲೇಬೇಕು. ಕುರಿಗಳ ಹಿಂದೆ ಇದ್ದರೆ ಗುಡ್ಡವೆಲ್ಲ ಅವನದೇ. ಆದರೆ ಗಾಡಿಯ ಮೇಲೆ? ಗಾಡಿ ನಿಲ್ಲಿಸು ಎಂದು ಸೊಸೆಗೆ ಹೇಳಬೇಕು. ಯಾಕೆ ಅನ್ನುವುದು ಅವಳಿಗೆ ತಿಳಿಯುತ್ತದೆ. ಬೋರವ್ವ ಜೊತೆಗಿದ್ದರೂ ಇದು ದಾಟಿಸುವಂಥ ಮಾತಲ್ಲ. ಅದಕ್ಕೆ ಬಂಡೆಪ್ಪ ಬೇರಿಗೇ ಕೊಡಲಿ ಹಾಕಿದ್ದ. ಕುಡಿದರೆ ತಾನೆ ಹೋಗುವುದು!

ಹುನಗುಂದದಲ್ಲಿ ಜಯಶ್ರೀ ಒಂದು ಬೇವಿನ ನೆರಳು ಹುಡುಕಿ ಗಾಡಿ ನಿಲ್ಲಿಸಿದಳು. ಕೈಯಿಂದ ಟೈರು ಮುಟ್ಟಿ ನೋಡಿದಳು, ಟವೆಲ್ಲನ್ನು ಮತ್ತೆ ತೋಯಿಸಿಕೊಂಡಳು, ತಾನು ನೀರು ಕುಡಿದಳು. ಉಪ್ಪು ಜೀರಿಗೆ ಹಾಕಿದ ಮಜ್ಜಿಗೆಯ ಬಾಟ್ಲಿಯನ್ನು ಸೀಟಿನ ಮೇಲಿಟ್ಟು, ರೀತಿಯಂತೆ ಬೆನ್ನು ತಿರುಗಿಸಿ ನಿಂತಳು. ಬಂಡೆಪ್ಪ ಬಾಟ್ಲಿಯನ್ನು ಬಾಯಿಯ ಮೇಲೆ ಎತ್ತಿ ಹಿಡಿದ. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗುಳಿದ. ಮೀಸೆ ಒರೆಸಿ, ಕುಡಿದವರ ಹಾಗೆ ತೇಗಿ, ಬಾಟ್ಲಿಯನ್ನು ತಾನೇ ಚೀಲದ ತಳಕ್ಕೆ ಸೇರಿಸಿದ. ಸೊಸೆ ತಿರುಗಿ ನೋಡುವ ಹಾಗಿಲ್ಲ. ಮರ್ಯಾದೆಯೇ ಅವನ ಮೋಸಕ್ಕೆ ಕಾವಲು ನಿಂತಿತ್ತು.

ಅಮೀನಗಡ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಯ ಮೇಲೆ ಕೂತಿತ್ತು. ರಸ್ತೆಯ ಡಾಂಬರಿನ ಝಳ ಕಾಲಿಗೆ ಬಡಿಯುತ್ತಿತ್ತು. ಓಡುವ ಗಾಡಿಯ ಗಾಳಿ ತಂಪು ಅನ್ನುವುದು ಮಾಗಿಯ ಮಾತು. ಮೇ ತಿಂಗಳಲ್ಲಿ ಅದು ಒಲೆಯ ಬಾಯಿಂದ ಬಂದ ಹಾಗೆ ಬರುತ್ತದೆ. ಜಯಶ್ರೀ ಚಹಾದಂಗಡಿಯ ಚಪ್ಪರದ ಕೆಳಗೆ ಗಾಡಿ ತಂದು ನಿಲ್ಲಿಸಿದಳು. ಇಲ್ಲಿ ಹೊತ್ತು ವಾಲುವ ತನಕ ಕೂತು ಹೋಗುವುದು ಅವಳ ಮನಸ್ಸಿನಲ್ಲಿತ್ತು.

ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಚಪ್ಪರದ ಕೆಳಗೆ ಕುರಿ ವ್ಯಾಪಾರದ ಅಂದಪ್ಪ ಕೂತಿದ್ದ. ಸಂತೆಯಲ್ಲಿ ಬಂಡೆಪ್ಪನ ಹಳೆಯ ಗೆಳೆಯ. ಹೆಲ್ಮೆಟ್ಟಿನೊಳಗಿನ ಮೀಸೆಯ ಗುರುತು ಹಿಡಿದು, ಕೂತವರಿಗೆಲ್ಲ ಕೇಳುವ ಹಾಗೆ ಅಂದ: "ಏನೋ ಬಂಡೆಪ್ಪ, ಇಷ್ಟ ದಿನಾ ನೀ ಕುರಿ ಹೊಡಕೊಂಡ ಸಂತಿಗೆ ಬರ್ತಿದ್ದಿ. ಈಗ ಸೊಸಿ ನಿನ್ನ ಹೊಡಕೊಂಡ ಹೊಂಟಾಳಲ್ಲೋ."

ಕೂತವರು ನಕ್ಕರು. ಕೆಟ್ಟ ನಗುವೇನಲ್ಲ, ಅಂದಪ್ಪನೂ ಎಳನೀರು ತರಿಸುತ್ತೇನೆ ಕೂಡು ಅಂದ. ಆದರೆ ಬಂಡೆಪ್ಪನಿಗೆ ಮೈಯೆಲ್ಲ ಉರಿಯಿತು. ಮೊದಲೇ ಬಿಸಿಲಿಗೆ ಉರಿಯುತ್ತಿತ್ತು, ಇದು ಮೇಲಿನದು. ಹೊತ್ತಾಯಿತು, ಈಗಲೇ ಹೊರಡಬೇಕಂತ ಹೇಳು ಎಂದು ಅಂದಪ್ಪನ ಮೂಲಕವೇ ಸೊಸೆಗೆ ಹುಕುಂ ಮಾಡಿದ. ಜಯಶ್ರೀ, ಇಷ್ಟು ಬಿಸಿಲಲ್ಲಿ ಬೇಡ ಎಂದು ಅಂದಪ್ಪನಿಗೆ ಹೇಳಿದಳು. ಬಂಡೆಪ್ಪ ಆಗಲೇ ಹೋಗಿ ಗಾಡಿಯ ಪಕ್ಕ ಬಿಸಿಲಲ್ಲಿ ನಿಂತುಬಿಟ್ಟಿದ್ದ. ಮಾವನನ್ನು ಬಿಸಿಲಲ್ಲಿ ನಿಲ್ಲಿಸಿ ಸೊಸೆ ನೆರಳಲ್ಲಿ ಹೇಗೆ ಕೂರುತ್ತಾಳೆ? ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಗೆದ್ದದ್ದು ಕೋಣವೇ, ಅದೂ ನೀರು ಕುಡಿಯದ ಕೋಣ.

ಐಹೊಳೆಯ ಕಡೆಗಿನ ರಸ್ತೆಗೆ ಬಿದ್ದ ಮೇಲೆ ಬಂಡೆಪ್ಪನಿಗೆ ಮೊದಲು ಸುಖವೆನಿಸಿತು. ಬೆವರು ನಿಂತಿತ್ತು. ನೋಡಿದೆಯಾ, ಮೈ ಬಿಸಿಲಿಗೆ ಹೊಂದಿಕೊಂಡಿತು ಅಂದುಕೊಂಡ. ಆಮೇಲೆ ತಲೆ ದಿಮ್ಮೆನ್ನತೊಡಗಿತು. ನಾಲಿಗೆ ಅಂಗುಳಕ್ಕೆ ಅಂಟಿತು. ಅಂಥ ಬಿಸಿಲಲ್ಲಿ ಬೆನ್ನ ಮೇಲೆ ಚಳಿ ಹರಿದಾಡಿದಾಗ ಇದೇನೋ ಸರಿಯಿಲ್ಲ ಎಂದು ಅವನಿಗೆ ಅನ್ನಿಸಿತು. ಹೇಳಬೇಕು. ಯಾರಿಗೆ ಹೇಳುವುದು? ಬೋರವ್ವನಿಲ್ಲ, ಅಂದಪ್ಪನಿಲ್ಲ, ಅಂಗಳದ ಆಡೂ ಇಲ್ಲ. ಮುಂದೆ ಇದ್ದದ್ದು ಸೊಸೆಯ ಬೆನ್ನೊಂದೇ. ಬಾಯಿ ತೆರೆದ, ಮುಚ್ಚಿದ. ಇಷ್ಟು ವರ್ಷ ಬಳಸದ ದಾರಿಯಲ್ಲಿ ಹುಲ್ಲು ಬೆಳೆದಿತ್ತು.

ಸ್ವಲ್ಪ ಹೊತ್ತಿಗೆ ರಸ್ತೆಯ ತುಂಬ ಕುರಿಗಳು ಕಂಡವು. ನಿಜವಾದ ಕುರಿಗಳಲ್ಲ, ಆದರೆ ಅವನಿಗದು ತಿಳಿಯಲಿಲ್ಲ. ಇಂಥ ಹೊತ್ತಲ್ಲಿ ಯಾವ ದಡ್ಡ ಕುರಿ ಬಿಟ್ಟಿದ್ದಾನೆ ಎಂದು ಸಿಟ್ಟು ಬಂತು. ಅವನ್ನು ತರುಬಲು ಕೈಯೆತ್ತಬೇಕೆಂದು ಸರಳು ಬಿಟ್ಟ. ಬಿಟ್ಟ ಕೈ ಮತ್ತೆ ಸರಳನ್ನು ಹುಡುಕಲಿಲ್ಲ. ತಲೆ ವಾಲಿ, ಹೆಲ್ಮೆಟ್ಟು ಕಂಬಳಿಯ ಸುರುಳಿಯ ಮೇಲಿಂದ ಜಾರಿ ಸೊಸೆಯ ಹೆಗಲಿಗೆ ಬಂದು ಬಿತ್ತು.

ಜಯಶ್ರೀಗೆ ಒಮ್ಮೆಲೇ ತಿಳಿಯಿತು. ಇಡೀ ದಾರಿ ಕೂದಲೆಳೆಯಷ್ಟೂ ತಾಗದ ಮಾವ ಹೆಗಲಿಗೆ ತಲೆಯಿಟ್ಟನೆಂದರೆ ಅದು ನಿದ್ದೆಯಲ್ಲ. ಅವಳು ಗಕ್ಕನೆ ಬ್ರೇಕು ಹಾಕಲಿಲ್ಲ. ಎಡಗೈ ಹಿಂದೆ ಚಾಚಿ ಅವನ ರಟ್ಟೆ ಹಿಡಿದು ತನ್ನ ಬೆನ್ನಿಗೆ ಒತ್ತಿಕೊಂಡು, ಗಾಡಿಯನ್ನು ತಾನಾಗಿ ನಿಧಾನವಾಗಲು ಬಿಟ್ಟು, ಒಂದು ಹುಣಸೆ ಮರದ ಬುಡಕ್ಕೆ ತಂದಳು. ಮರದ ಕೆಳಗೆ ನೀಲಾಬಾಯಿ ಅನ್ನುವ ಹೆಂಗಸು ಐಹೊಳೆ ನೋಡಲು ಹೋಗುವವರಿಗೆ ಪೇರಲ, ನೀರಿನ ಬಾಟ್ಲಿ ಮಾರುತ್ತಿದ್ದಳು. ಅವಳು ಎದ್ದು ಓಡಿಬಂದು ಇನ್ನೊಂದು ಕಡೆಯಿಂದ ಹಿಡಿದಳು. ಇಬ್ಬರೂ ಸೇರಿ ಬಂಡೆಪ್ಪನನ್ನು ಇಳಿಸಿ, ಕಂಬಳಿ ಹಾಸಿ ಮಲಗಿಸಿದರು.

ಬಂಡೆಪ್ಪನಿಗೆ ಅದೆಲ್ಲ ನೀರಿನ ಆಚೆ ದಂಡೆಯಲ್ಲಿ ನಡೆದ ಹಾಗೆ ಕಂಡಿತು. ಯಾರೋ ಹೆಲ್ಮೆಟ್ಟು ತೆಗೆದರು. ಬೋಳುದಲೆಗೆ ಗಾಳಿ ತಾಗಿತು. ಪಟಕ, ಪಟಕ ಎಂದು ಅವನು ತೊದಲಿದ. ತಲೆ ಮುಚ್ಚಿಕೊಳ್ಳಲು ಕೇಳಿದ್ದು. ಜಯಶ್ರೀ ಚೀಲಕ್ಕೆ ಕೈಹಾಕಿ ಪಟಕ ತೆಗೆದಳು. ತೆಗೆದವಳು ಅದನ್ನು ಬಿಡಿಸಿ, ಇಡೀ ಉದ್ದವನ್ನೂ ನೀಲಾಬಾಯಿಯ ನೀರಿನ ಹರವಿಯಲ್ಲಿ ಮುಳುಗಿಸಿ, ನೀರು ಸೋರುತ್ತಿದ್ದ ಹಾಗೆಯೇ ಮಾವನ ತಲೆಗೆ, ಕುತ್ತಿಗೆಗೆ, ಅಂಗಿ ಬಿಚ್ಚಿ ಎದೆಗೆ, ಕಂಕುಳಿಗೆ ಸುತ್ತಿದಳು. ಬೇರೆ ದಿನವಾಗಿದ್ದರೆ ಪಟಕ ಮುಟ್ಟಿದ್ದಕ್ಕೇ ಮನೆಯಲ್ಲಿ ರಾಮಾಯಣ ಆಗುತ್ತಿತ್ತು. ಅವತ್ತು ಬಂಡೆಪ್ಪ ಕಣ್ಣು ಮುಚ್ಚಿಕೊಂಡು, ಹೊಳೆಗೆ ಇಳಿದವನ ಹಾಗೆ ನಿಟ್ಟುಸಿರುಬಿಟ್ಟ.

ನೀಲಾಬಾಯಿ ಹಳೆಯ ರಟ್ಟಿನ ತುಂಡಿನಿಂದ ಗಾಳಿ ಹಾಕಿದಳು. ಬಾಯಿಗೆ ನೀರು ಹಾಕು ಅಂದಾಗ ಜಯಶ್ರೀ ಬೇಡವೆಂದಳು. ಸರಿಯಾಗಿ ಎಚ್ಚರವಿಲ್ಲದವರಿಗೆ ನೀರು ಹಾಕಿದರೆ ಅದು ಉಸಿರಿಗೆ ಅಡ್ಡ ಹೋಗುತ್ತದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಮಾತು ನೆಟ್ಟಗಾಗದಿದ್ದರೆ ಅಂಬುಲೆನ್ಸಿಗೆ ಫೋನು ಮಾಡುತ್ತೇನೆ ಎಂದು ಮೊಬೈಲು ಕೈಯಲ್ಲೇ ಹಿಡಿದಿದ್ದಳು. ಮಾವನಿಗೆ ಏನಾದರೂ ಆದರೆ ನಾಳೆ ಊರು ಬಿಸಿಲನ್ನು ಬೈಯುವುದಿಲ್ಲ, ಗಾಡಿ ಹೊಡೆದವಳನ್ನು ಬೈಯುತ್ತದೆ. ಅದು ಅವಳಿಗೆ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವಳು ಹೆದರಿದ್ದು ಊರಿಗಲ್ಲ, ಮಾವನ ಮುಚ್ಚಿದ ಕಣ್ಣಿಗೆ.

ಎರಡನೆಯ ಸಲ ಪಟಕ ತೋಯಿಸಿ ಸುತ್ತುವಾಗ ಬಂಡೆಪ್ಪ ಕಣ್ಣು ಬಿಟ್ಟ. ಇದು ಯಾವ ಊರು ಎಂದು ನೀಲಾಬಾಯಿ ಕೇಳಿದ್ದಕ್ಕೆ ಐಹೊಳೆಯ ದಾರಿ ಅಂದ. ಹೆಸರು ಹೇಳಿದ, ಮೊಮ್ಮಗನ ಜವಳ ಅಂದ. ಸೊಂಟದ ಸಂಚಿಯನ್ನು ತಡಕಿ ಭಂಡಾರ ಇದೆಯೆಂದು ನೋಡಿಕೊಂಡ. ಅಲ್ಲಿಗೆ ಜಯಶ್ರೀ ಮರಕ್ಕೆ ಒರಗಿ ಕೂತಳು. ಅಲ್ಲಿಯ ತನಕ ತಡೆದಿದ್ದ ಕಣ್ಣೀರು ಒಮ್ಮೆಗೇ ಬಂತು. ಸೆರಗಿನಿಂದ ಒರೆಸಿಕೊಂಡು ಎದ್ದು, ಮಜ್ಜಿಗೆ ಕುಡಿಸೋಣವೆಂದು ಚೀಲದ ತಳದಿಂದ ಬಾಟ್ಲಿ ತೆಗೆದಳು.

ಬಾಟ್ಲಿ ತುಂಬಿತ್ತು. ಹುನಗುಂದದಲ್ಲಿ ಕೊಟ್ಟಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು.

ಅವಳು ಬಾಟ್ಲಿಯನ್ನು ನೋಡಿದಳು, ಮಾವನನ್ನು ನೋಡಿದಳು. ಬಂಡೆಪ್ಪ ಮುಖ ಆಚೆ ತಿರುಗಿಸಿದ. ಇಷ್ಟು ವರ್ಷ ಮುಖ ತಿರುಗಿಸುವ ಕೆಲಸ ಅವಳದಾಗಿತ್ತು. ನೀಲಾಬಾಯಿ ನೀರು ತರಲು ಹರವಿ ಎತ್ತಿಕೊಂಡು ಹೊಲದ ಕಡೆ ಹೋಗಿದ್ದಳು. ನಡುವೆ ಯಾರೂ ಇರಲಿಲ್ಲ.

"ಮಾವಾರ," ಅಂದಳು ಜಯಶ್ರೀ. ನೇರವಾಗಿ ಅಂದಳು. "ಕುರಿ ಆಗಿದ್ರ ಈ ಹೊತ್ತಿನ್ಯಾಗ ನೀವು ಹೊಡಕೊಂಡ ಹೊಂಡತಿದ್ರೇನ್ರಿ?"

ಬಂಡೆಪ್ಪನಿಗೆ ಉತ್ತರ ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು. ಬೇಸಿಗೆಯ ನಡುಮಧ್ಯಾಹ್ನ ಕುರಿಯನ್ನು ನೆರಳಿಗೆ ತರುಬಿ, ನೀರು ತೋರಿಸಿ, ಹೊತ್ತು ವಾಲಿದ ಮೇಲೆ ಎಬ್ಬಿಸಬೇಕು. ಅದಕ್ಕೂ ಮೊದಲು ಎಬ್ಬಿಸಿದರೆ ಕುರಿಯೇ ಕದಲುವುದಿಲ್ಲ. ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆಯಿಟ್ಟು ನಿಲ್ಲುತ್ತವೆ. ಅಷ್ಟು ಬುದ್ಧಿ ಅವಕ್ಕಿದೆ. ಅವನು ಇಲ್ಲವೆಂದು ತಲೆಯಾಡಿಸಿದ.

ಜಯಶ್ರೀ ಬಾಟ್ಲಿಯ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು. ಬೆನ್ನು ತಿರುಗಿಸಲಿಲ್ಲ. ಗುಟುಕು ಗುಟುಕಾಗಿ ಇಳಿಯುವುದನ್ನು ನೋಡುತ್ತ ಎದುರಿಗೇ ಕೂತಳು. ನೀರು ಯಾಕೆ ಕುಡಿಯಲಿಲ್ಲ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅರ್ಧ ಬಾಟ್ಲಿ ಮುಗಿಯುವ ಹೊತ್ತಿಗೆ ಬಂಡೆಪ್ಪನ ಕಣ್ಣು ಒಮ್ಮೆ ಬೇಲಿಯ ಕಡೆ ಹೋಗಿ, ಸೊಸೆಯ ಕಡೆ ಬಂದು, ನೆಲಕ್ಕಿಳಿಯಿತು. ಕುಡಿಯುತ್ತಿದ್ದವನು ನಿಲ್ಲಿಸಿ ಬಾಟ್ಲಿ ಕೆಳಗಿಟ್ಟ.

ಅವಳಿಗೆ ಅರ್ಥವಾಯಿತು. ಅರ್ಥವಾಗಲು ಅವಳಿಗೆ ಬೇರೆ ಕಾರಣವೂ ಇತ್ತು. ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಕಂಬಳಿಯ ಅಂಚಿನ ದಾರ ಎಳೆಯುತ್ತ ಕೂತಳು. ಹೇಳಿದರೆ ಗಾಡಿ ಹೋಗಬಹುದು, ಕೆಲಸ ಹೋಗಬಹುದು. ಕೊನೆಗೆ ತಲೆಯೆತ್ತದೆ ಹೇಳಿದಳು.

"ಹ್ವಾದ ಬ್ಯಾಸಿಗ್ಯಾಗ ನಾ ಬಚ್ಚಲದಾಗ ಜಾರಿರಲಿಲ್ರಿ. ಗಾಡಿ ಮ್ಯಾಲಿಂದ ಬಿದ್ದಿದ್ದೆ. ನೀರ ಕುಡೀತಿರಲಿಲ್ಲ ನಾನೂ. ಹೆಣಮಗಳು, ಟಪಾಲ ಹಂಚೂ ಹಾದ್ಯಾಗ ಎಲ್ಲಿ ಹೋಗಬೇಕ್ರಿ? ಮನಿ ಬಿಟ್ಟ ಮ್ಯಾಲ ಮತ್ತ ಮನಿಗೆ ಬರೂತನಾ ಬಾಯಿಗೆ ಹನಿ ಹಾಕತಿರಲಿಲ್ಲ. ಒಂದಿನ ಕಣ್ಣಿಗೆ ಕತ್ತಲಿ ಬಂತು. ಬೇಲಿ ಮ್ಯಾಲ ಬಿದ್ದೆ, ಪುಣ್ಯಾಕ ರಸ್ತೇದಾಗ ಬೀಳಲಿಲ್ಲ."

ಸೊಸೆಯ ಮೊಣಕೈ ಅಂಗಿಯ ತೋಳಿನೊಳಗಿತ್ತು, ಗಾಯ ಕಾಣುತ್ತಿರಲಿಲ್ಲ. ಆದರೂ ಬಂಡೆಪ್ಪ ಅಲ್ಲಿಗೇ ನೋಡಿದ. ಬಿದ್ದವಳು ಗಾಡಿಯನ್ನು ತಾನೇ ಎತ್ತಿಕೊಂಡು, ಧೂಳು ಝಾಡಿಸಿಕೊಂಡು, ಉಳಿದ ಟಪಾಲನ್ನೂ ಹಂಚಿ ಮನೆಗೆ ಬಂದಿರಬೇಕು. ಬಂದವಳು ಸುಳ್ಳು ಹೇಳಿದ್ದು ಯಾರ ಅಂಜಿಕೆಗೆ? ಒಮ್ಮೆ ಬಿದ್ದರೆ ಬಂದ್ ಎಂದು ಅಂಗಳದಲ್ಲಿ ಕೂಗಿದ್ದು ಯಾರು? ಬೋರವ್ವ ಎಷ್ಟೇ ಬೆಲ್ಲ ಹಚ್ಚಿದರೂ ಆ ಮಾತು ತಗಡಿನ ಗೋಡೆ ದಾಟಿ ಹೋಗಿತ್ತು ಎಂದು ಅವನಿಗೆ ಈಗ ತಿಳಿಯಿತು. ಅವಳು ನಡುರಸ್ತೆಯಲ್ಲಿ ಬಿದ್ದು, ಹಿಂದಿನಿಂದ ಟ್ರ್ಯಾಕ್ಟರೊಂದು ಬಂದಿದ್ದರೆ?

ನೀಲಾಬಾಯಿ ತುಂಬಿದ ಹರವಿಯ ಜೊತೆ ಬಂದಳು. ಜಯಶ್ರೀ ಗಂಡನಿಗೆ ಫೋನು ಹಚ್ಚಿ ನಡೆದದ್ದನ್ನು ಹೇಳಿದಳು. ಹಣಮೇಶ ಗಾಬರಿಯಾಗಿ ಈಗಲೇ ಬರುತ್ತೇನೆ ಅಂದ. ಇಷ್ಟು ಬಿಸಿಲಲ್ಲಿ ನೀವೂ ಬರುವುದು ಬೇಡ, ಮಾವ ಎದ್ದು ಕೂತಿದ್ದಾರೆ, ತಂಪಾದ ಮೇಲೆ ನಾವೇ ಬರುತ್ತೇವೆ ಎಂದು ಅವಳು ಸಮಾಧಾನ ಹೇಳಿದಳು. ಜವಳದ ಹೊತ್ತು ಮೀರಿದರೆ ಏನು ಮಾಡುವುದು ಎಂದು ಬಂಡೆಪ್ಪ ಮಲಗಿದಲ್ಲಿಂದಲೇ ಚಡಪಡಿಸಿದ. ಫೋನು ಬೋರವ್ವನ ಕೈಗೆ ಹೋಯಿತು. ಕೂದಲು ಎಲ್ಲಿಗೂ ಓಡಿ ಹೋಗುವುದಿಲ್ಲ, ನಾಳೆ ಬೆಳಿಗ್ಗೆ ತೆಗೆಯೋಣ, ಮೊದಲು ಮನುಷ್ಯನನ್ನು ಉಳಿಸಿಕೊಂಡು ಬಾ ಎಂದು ಅವಳು ಸೊಸೆಗೆ ಹೇಳಿದಳು. ಈ ಸಲ ಜಯಶ್ರೀ ಮಾತನ್ನು ದಾಟಿಸಬೇಕಾಯಿತು. ಅವಳು ಬೆಲ್ಲ ಹಚ್ಚದೆ ಇದ್ದದ್ದು ಇದ್ದ ಹಾಗೆ ದಾಟಿಸಿದಳು.

ಮಧ್ಯಾಹ್ನವೆಲ್ಲ ಮೂವರೂ ಹುಣಸೆಯ ನೆರಳಲ್ಲಿ ಕಳೆದರು. ಬಂಡೆಪ್ಪ ಪೇರಲ ತಿಂದ, ಮತ್ತೆ ಮಜ್ಜಿಗೆ ಕುಡಿದ, ಒದ್ದೆ ಪಟಕವನ್ನೇ ಹೊದ್ದು ಒಂದು ನಿದ್ದೆ ತೆಗೆದ. ಎದ್ದಾಗ ಮೈಯಲ್ಲಿ ಬೆವರು ಒಸರುತ್ತಿತ್ತು. ಬೆವರು ಬಂದದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ತಾನು ಕಂಡಿಲ್ಲವೆಂದು ನೀಲಾಬಾಯಿ ನಕ್ಕಳು. ಅವಳು ಹಣ್ಣಿಗೆ ದುಡ್ಡು ಮುಟ್ಟಲಿಲ್ಲ. ಬಂಡೆಪ್ಪ ಸಂಚಿ ಬಿಚ್ಚಿ ಅವಳ ಹಣೆಗೆ ಒಂದು ಚಿಟಿಕೆ ಭಂಡಾರ ಹಚ್ಚಿದ. ಮೊಮ್ಮಗನಿಗೆಂದು ತಂದ ಭಂಡಾರ ಮೊದಲು ಬಿದ್ದದ್ದು ಅವಳ ಹಣೆಗೆ, ಬೀರಪ್ಪ ಬೇಡವೆನ್ನಲಿಕ್ಕಿಲ್ಲ.

ನೆರಳು ಉದ್ದವಾದ ಮೇಲೆ ಹೊರಟರು. ಬಂಡೆಪ್ಪ ತಾನೇ ಹೆಲ್ಮೆಟ್ಟು ಎತ್ತಿ ಹಾಕಿಕೊಂಡ, ಸೊಸೆಯ ಎದುರಿಗೇ. ಹಸಿ ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡ. ಕಂಬಳಿಯನ್ನು ಮಡಿಚಿ ಸೀಟಿನ ಮೇಲೆ ಹಾಸಿ ಅದರ ಮೇಲೆ ಕೂತ. ಒಂದು ಕೈ ಸರಳಿಗೆ ಹೋಯಿತು. ಇನ್ನೊಂದು ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿ ಅನುಮಾನಿಸಿ, ಸೊಸೆಯ ಹೆಗಲ ಮೇಲೆ ಇಳಿಯಿತು. ಜಯಶ್ರೀ ಗಾಡಿಯನ್ನು ಗೇರಿಗೆ ಹಾಕಿದಳು.

ಐಹೊಳೆ ದಾಟಿತು. ಮಲಪ್ರಭೆಯ ಕಡೆಯಿಂದ ಗಾಳಿ ಬರತೊಡಗಿತು. ಅರ್ಧ ದಾರಿ ಕಳೆದಿರಬೇಕು, ಅಷ್ಟು ಮಜ್ಜಿಗೆ ಕುಡಿದದ್ದು ಸುಮ್ಮನಿರುತ್ತದೆಯೇ? ಬಂಡೆಪ್ಪ ಒಂದು ತಿರುವು ತಡೆದ. ಇನ್ನೊಂದು ತಿರುವು ತಡೆದ. ಪಟ್ಟದಕಲ್ಲು ದೂರವೇನಿಲ್ಲ, ಹಲ್ಲು ಕಚ್ಚಿ ಕೂತರೆ ಮುಟ್ಟಬಹುದು ಅನ್ನಿಸಿತು. ಆಮೇಲೆ ಬೇಲಿಯ ಮೇಲೆ ಬಿದ್ದ ಗಾಡಿಯೊಂದು ಕಣ್ಣಿಗೆ ಬಂತು, ಅದರ ಪಕ್ಕ ಒಬ್ಬಳೇ ಎದ್ದು ಕೂತ ಹೆಣ್ಣುಮಗಳು. ಹೆಗಲ ಮೇಲಿದ್ದ ಕೈಯಿಂದ ಎರಡು ಸಲ ತಟ್ಟಿದ.

"ಜಯಶ್ರೀ," ಅಂದ. ಅವಳು ಮದುವೆಯಾಗಿ ಬಂದ ಮೇಲೆ ಅವನ ಬಾಯಲ್ಲಿ ಆ ಹೆಸರು ಇದೇ ಮೊದಲು. "ಗಾಡಿ ನಿಂದರಸವಾ. ಒಂದಕ್ಕ ಹೋಗಬೇಕು."

ಅವಳು ರಸ್ತೆಯ ಅಂಚಿಗೆ, ಜಾಲಿಯ ನೆರಳಿಗೆ ನಿಲ್ಲಿಸಿ, ಆಚೆ ನೋಡುತ್ತ ನಿಂತಳು. ಬಂಡೆಪ್ಪ ಪೊದೆಯ ಹಿಂದೆ ಹೋಗಿ ಬಂದ. ಬಂದವನು ಗಾಡಿ ಹತ್ತಲಿಲ್ಲ. ರಸ್ತೆಯ ಆ ತುದಿ ನೋಡಿದ, ಈ ತುದಿ ನೋಡಿದ. ಹೊಲದಲ್ಲಿ ಯಾರೂ ಇರಲಿಲ್ಲ. ಸೀಟಿನ ಮೇಲಿನ ಕಂಬಳಿಯನ್ನು ಎಳೆದು, ಝಾಡಿಸಿ, ಎರಡೂ ಕೈಯಲ್ಲಿ ಅಗಲಕ್ಕೆ ಬಿಡಿಸಿ ಹಿಡಿದ.

"ನೀನೂ ಮುಂಜಾನಿಯಿಂದ ಹೋಗಿಲ್ಲಲ್ಲವಾ," ಅಂದ. "ಹೋಗಿ ಬಾ. ನಾ ಇಲ್ಲೆ ನಿಂತಿರತೇನಿ, ಯಾರೂ ಬರಂಗಿಲ್ಲ."

ಜಯಶ್ರೀ ಒಂದು ಗಳಿಗೆ ಮಾವನನ್ನೇ ನೋಡಿದಳು. ಆಮೇಲೆ ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ ಪೊದೆಯ ಕಡೆ ಹೋದಳು. ಬಂಡೆಪ್ಪ ಅವಳಿಗೆ ಬೆನ್ನು ಮಾಡಿ, ರಸ್ತೆಗೆ ಮುಖ ಮಾಡಿ, ಕಂಬಳಿಯನ್ನು ಅಡ್ಡ ಹಿಡಿದುಕೊಂಡು, ಅವಳು ಬರುವ ತನಕ ನಿಂತ.